ಸಿನಿಮಾ ಒಂದು, ಜಗಳ ಹಲವು

1967ರ ಆಗಸ್ಟಿನಲ್ಲಿ ಅಮೆರಿಕದಲ್ಲಿ ದರೋಡೆಕೋರ ಜೋಡಿಯೊಂದರ ಕಥೆಯಾದ ‘ಬಾನಿ ಅಂಡ್ ಕ್ಲೈಡ್’ ತೆರೆಕಂಡಾಗ ನ್ಯೂಯಾರ್ಕ್ ಟೈಮ್ಸ್‌ನ ಹಿರಿಯ ವಿಮರ್ಶಕ ಬಾಸ್ಲಿ ಕ್ರೌದರ್ ಅದನ್ನು ಹಿಗ್ಗಾಮುಗ್ಗಾ ಝಾಡಿಸಿದರು. ನ್ಯೂಸ್‌ವೀಕ್‌ನ ಜೋ ಮಾರ್ಗನ್‌ಸ್ಟರ್ನ್ ಕೂಡ ಬೈದರು. ಆದರೆ ಮಾರ್ಗನ್‌ಸ್ಟರ್ನ್ ಮತ್ತೆ ಥಿಯೇಟರಿಗೆ ಹೋಗಿ, ಜನರ ನಡುವೆ ಕೂತು ನೋಡಿ, ಮರುವಾರವೇ ಅದೇ ಪತ್ರಿಕೆಯಲ್ಲಿ ತಮ್ಮ ಮಾತು ವಾಪಸ್ ತೆಗೆದುಕೊಂಡರು. ಆ ಎದೆಗಾರಿಕೆ ಎಷ್ಟು ಜನಕ್ಕಿದೆ ಹೇಳಿ!

ಅಕ್ಟೋಬರಿನಲ್ಲಿ ಬಂತು, ಸಿನಿಮಾದ ಪರವಾಗಿ, ವಿಮರ್ಶಕಿ ಪಾಲಿನ್ ಕೇಲ್ ಅವರ ದೀರ್ಘ ಲೇಖನ. ಇನ್ನೊಂದು ಪತ್ರಿಕೆ ಬೇಡವೆಂದದ್ದನ್ನು ನ್ಯೂಯಾರ್ಕರ್ ಅಚ್ಚು ಹಾಕಿತು. ಕೇಲ್ ಬರೀ ಕಥೆ ಹೇಳುತ್ತಾ ಕೂರುವುದಿಲ್ಲ. ನೋಡುವವರಿಗೆ ಏನಾಗುತ್ತದೆ ಎಂಬುದರ ಮೇಲೇ ಅವರ ಕಣ್ಣು. ಸಿನಿಮಾದ ಒಂದು ದೃಶ್ಯ ನೋಡಿ: ಬಾನಿ, ಕ್ಲೈಡ್ ಬ್ಯಾಂಕ್ ದೋಚಿ ಹೊರಬಂದರೆ, ಡ್ರೈವರ್ ಕಾರನ್ನು ಇಕ್ಕಟ್ಟಿನ ಸಂದಿಯಲ್ಲಿ ತುರುಕಿ ನಿಲ್ಲಿಸಿಬಿಟ್ಟಿದ್ದಾನೆ. ಥಿಯೇಟರಿಗೆ ಥಿಯೇಟರೇ ನಗುತ್ತದೆ. ಅಷ್ಟರಲ್ಲಿ ಕಾರಿಗೆ ಜೋತುಬಿದ್ದವನ ಮುಖಕ್ಕೇ ಗುಂಡು. ನಗು ಅಲ್ಲಿಗೇ ನಿಂತುಹೋಗುತ್ತದೆ. ಹಾಸ್ಯ, ಹಿಂಸೆಗಳ ಈ ಬೆರಕೆ ಕ್ರೌದರ್‌ಗೆ ಅಗ್ಗದ ಆಟ. ಕೇಲ್‌ಗೆ ಸಿನಿಮಾದ ಜೀವವೇ ಅದು. ನಿರ್ದೇಶಕ ಫ್ರಿಟ್ಜ್ ಲ್ಯಾಂಗ್ 1937ರಲ್ಲೇ ಇಂಥದೊಂದು ಜೋಡಿಯ ಕಥೆ ತೆಗೆದದ್ದನ್ನೂ ಕೇಲ್ ಎಳೆದು ತರುತ್ತಾರೆ. ಅವರ ಹಟ ಕೆಲವೆಡೆ ಅತಿಯೆನಿಸುತ್ತದೆ, ಸುಳ್ಳೇಕೆ. ಆದರೂ ಈ ಬರಹಗಳನ್ನು ಪಕ್ಕಪಕ್ಕ ಇಟ್ಟೇ ಓದಬೇಕು: ಕ್ರೌದರ್ ಸಿಟ್ಟು ಗೊತ್ತಿಲ್ಲದಿದ್ದರೆ ಕೇಲ್ ಯಾರ ಜೊತೆ ಜಗಳಕ್ಕೆ ನಿಂತಿದ್ದಾರೆಂದೇ ತಿಳಿಯುವುದಿಲ್ಲ.