ಕರಿಯ ಚಿತ್ರ: ಪ್ರಕಾರವೋ ರೀತಿಯೋ?

1946ರಲ್ಲಿ ಫ್ರೆಂಚ್ ವಿಮರ್ಶಕ ನೀನೋ ಫ್ರಾಂಕನು ಅಮೆರಿಕದ ಕೆಲವು ಅಪರಾಧಚಿತ್ರಗಳನ್ನು ‘ಫಿಲ್ಮ್ ನ್ವಾರ್’, ಎಂದರೆ ಕರಿಯ ಚಿತ್ರ, ಎಂದು ಕರೆದನು. ಈ ಹೆಸರು ಕಥೆಯ ಪ್ರಕಾರಕ್ಕೆ ಸಲ್ಲುವುದೋ ನೆರಳು-ಬೆಳಕಿನ ರೀತಿಗೆ ಸಲ್ಲುವುದೋ ಎಂಬ ವಾದವು ಇನ್ನೂ ತೀರಿಲ್ಲ.

ಮೈಸೂರಿನವರಾದ ಛಾಯಾಗ್ರಾಹಕ ವಿ. ಕೆ. ಮೂರ್ತಿಯವರ ಎರಡು ಹಿಂದೀ ಚಿತ್ರಗಳು ಇದಕ್ಕೆ ಒರೆಗಲ್ಲು. ‘ಸಿ.ಐ.ಡಿ.’ (1956) ಕೊಲೆಯ ಕಥೆ. ನೆರಳು ದಟ್ಟವಾಗಿದ್ದರೂ ಕಡೆಗೆ ನ್ಯಾಯವೇ ಗೆಲ್ಲುವುದು. ‘ಕಾಗಜ್ ಕೆ ಫೂಲ್’ (1959) ಚಿತ್ರದಲ್ಲಿ ಕೊಲೆಯೂ ಇಲ್ಲ, ಪತ್ತೇದಾರಿಯೂ ಇಲ್ಲ. ಆದರೂ ಸ್ಟುಡಿಯೋದೊಳಗೆ ಕನ್ನಡಿಗಳಿಂದ ಹಾಯಿಸಿದ ಬಿಸಿಲುಕೋಲು ನಿರ್ದೇಶಕನೊಬ್ಬನ ಒಂಟಿತನವನ್ನು ತೋರುವುದು. ಕಡೆಗೆ ಅವನು ಸ್ಟುಡಿಯೋದಲ್ಲಿಯೇ ಮಡಿಯುವನು. ಎರಡರಲ್ಲಿ ಹೆಚ್ಚು ಕರಿದಾದುದು ಇದೇ.

ರೀತಿಯೇ ಕಾವ್ಯದ ಆತ್ಮವೆಂಬ ವಾಮನನ ಮತವು ಆನಂದವರ್ಧನನ ಮುಂದೆ ನಿಲ್ಲದಂತೆ, ನೆರಳೊಂದೇ ಚಿತ್ರವನ್ನು ಕರಿದು ಮಾಡದು, ಅಪರಾಧವೊಂದೇ ಮಾಡದು. ತಪ್ಪಿಸಿಕೊಳ್ಳಲಾರದ ವಿಧಿಯನ್ನು ಬೆಳಕೇ ನುಡಿದಾಗ ಆ ಹೆಸರು ಸಾರ್ಥಕ.