ಬಂಡೆಗೊಬ್ಬ ಯಜಮಾನ

ಮಲಾವಿ ಸರೋವರದ ಸಿಕ್ಲಿಡ್ ಮೀನುಗಳನ್ನು ಸಾಕುವ ಹಲವರಿಗೆ ಗೊತ್ತಿರುವ ಪರಿಹಾರ ಒಂದೇ: ಕಚ್ಚುವ ಮೀನನ್ನು ಅಂಗಡಿಗೆ ಮರಳಿಸುವುದು. ವಾರ ತುಂಬುವುದರೊಳಗೆ, ಅಲ್ಲಿಯವರೆಗೆ ಹೀಟರಿನ ಹಿಂದೆ ಮೈ ಮುದುಡಿಕೊಂಡು ನಿಂತಿದ್ದ ಎರಡನೆಯ ಗಂಡು ಅದೇ ಬಂಡೆಯ ಮೇಲೆ ಅದೇ ದರ್ಬಾರು ನಡೆಸತೊಡಗುತ್ತದೆ. ಇದರಲ್ಲಿ ಅಚ್ಚರಿಯೇನಿಲ್ಲ. ಟಾಂಗನಿಕಾ ಸರೋವರದ ಅಸ್ಟಾಟೊಟಿಲಾಪಿಯಾ ಬರ್ಟೋನಿ ಎಂಬ ಸಿಕ್ಲಿಡ್ಡನ್ನು ವಿಜ್ಞಾನಿಗಳು ಪ್ರಯೋಗಾಲಯದಲ್ಲಿಟ್ಟು ನೋಡಿದ್ದಾರೆ. ಮೇಲುಗೈಯ ಗಂಡನ್ನು ತೆಗೆದ ಕೆಲವೇ ನಿಮಿಷಗಳಲ್ಲಿ ಕೆಳಗಿದ್ದದ್ದರ ಕಣ್ಣಿನ ಬಳಿ ಕಪ್ಪು ಪಟ್ಟಿ ಮೂಡುತ್ತದೆ, ಮೈ ಬಣ್ಣ ಏರುತ್ತದೆ, ಅಟ್ಟಾಟ ಶುರುವಾಗುತ್ತದೆ. ನಾವು ಹೊರಗೆ ಕಳಿಸಿದ್ದು ಮೀನನ್ನು. ಯಜಮಾನಿಕೆ ಟ್ಯಾಂಕಿನಲ್ಲೇ ಉಳಿದಿತ್ತು.

ಹಾಗಾಗಿ ಸರಿಪಡಿಸಬೇಕಾದದ್ದು ಮೊದಲು ಜಾಗವನ್ನು. 1973ರಲ್ಲಿ ನೊಬೆಲ್ ಹಂಚಿಕೊಂಡ ನಿಕೊ ಟಿನ್‌ಬರ್ಗೆನ್ ಸ್ಟಿಕಲ್‌ಬ್ಯಾಕ್ ಮೀನುಗಳಲ್ಲಿ ಇದನ್ನು ಬಲು ಸರಳವಾಗಿ ತೋರಿಸಿದ್ದರು. ಒಂದೇ ತೊಟ್ಟಿಯಲ್ಲಿ ಬೇರೆ ಬೇರೆ ಕಡೆ ಗೂಡು ಕಟ್ಟಿದ್ದ ಎರಡು ಗಂಡುಗಳನ್ನು ಗಾಜಿನ ಕೊಳವೆಗಳಲ್ಲಿ ಹಾಕಿ, ಎರಡನ್ನೂ ಜೊತೆಯಾಗಿ ಒಂದರ ಗಡಿಯೊಳಗೆ ಒಯ್ದರೆ ಆ ಜಾಗದ ಒಡೆಯ ಗಾಜಿಗೆ ಮೂತಿ ಕುಟ್ಟಿ ಮೇಲೆ ಬೀಳಲು ನೋಡುತ್ತಿತ್ತು, ಇನ್ನೊಂದು ಓಡಿಹೋಗಲು ಒದ್ದಾಡುತ್ತಿತ್ತು. ಕೊಳವೆಗಳನ್ನು ಎದುರು ಗಡಿಗೆ ಸರಿಸಿದರೆ ಪಾತ್ರಗಳು ಅದಲುಬದಲು. ಮೀನು ಅದೇ, ಮೈಕಟ್ಟು ಅದೇ. ನಿಂತ ನೆಲವಷ್ಟೇ ಬೇರೆ. ಅನುಭವಿ ಸಾಕಣೆಗಾರರು ಪುಂಡ ಮೀನನ್ನು ಕೆಲವು ದಿನ ಬೇರೆ ತೊಟ್ಟಿಯಲ್ಲಿಟ್ಟು, ಬಂಡೆಗಳನ್ನೆಲ್ಲ ಕಿತ್ತು ಬೇರೆ ರೀತಿ ಜೋಡಿಸಿ, ದೀಪ ಆರಿಸಿ ಮತ್ತೆ ಬಿಡುವುದರ ಹಿಂದಿನ ತರ್ಕವೂ ಇದೇ. ಮರಳಿ ಬಂದಾಗ ಅದರ ಹಳೆಯ ಬಿಲವೇ ಅಲ್ಲಿರುವುದಿಲ್ಲ.

ಹಾಗಾದರೆ ವಾರಕ್ಕೊಮ್ಮೆ ಬಂಡೆ ಬದಲಿಸಿದರಾಯಿತಲ್ಲ ಎನ್ನಬಹುದು. ಕೂಡದು. ಗಡಿ ಒಮ್ಮೆ ಇತ್ಯರ್ಥವಾದ ಮೇಲೆ ನೆರೆಹೊರೆಯ ಗಂಡುಗಳು ರೆಕ್ಕೆ ಬಿಚ್ಚಿ, ಕಿವಿರು ಉಬ್ಬಿಸಿ, ಪಕ್ಕಕ್ಕೆ ತಿರುಗಿ ಮೈ ನಡುಗಿಸುವಷ್ಟರಲ್ಲೇ ಜಗಳ ಮುಗಿಸುತ್ತವೆ. ಬಾಯಿಗೆ ಬಾಯಿ ಕಚ್ಚಿ ಎಳೆದಾಡುವುದು ಗಡಿ ಇನ್ನೂ ತೀರ್ಮಾನವಾಗದಿದ್ದಾಗ. ಪದೇ ಪದೇ ಕೆದಕಿದರೆ ಆ ತೀರ್ಮಾನಕ್ಕೆ ಅವಕಾಶವೇ ಸಿಗದು. ಹೊಸ ಮೀನನ್ನೋ ಪುಂಡನನ್ನೋ ಟ್ಯಾಂಕಿಗೆ ಬಿಡುವ ದಿನ ಮಾತ್ರ ಬಂಡೆ ಕದಲಿಸಿದರೆ ಸಾಕು. ಬಂಡೆಗಳನ್ನೇ ತೆಗೆದುಬಿಡುವುದೂ ಅಪಾಯ: ಬೋಳು ಟ್ಯಾಂಕಿನಲ್ಲಿ ಒಂದೇ ಗಂಡು ಇಡೀ ನೆಲವನ್ನು ಆಕ್ರಮಿಸಿಕೊಂಡರೆ, ಸೋತದ್ದಕ್ಕೆ ಕಣ್ಮರೆಯಾಗಲು ಒಂದು ಮೂಲೆಯೂ ಇರುವುದಿಲ್ಲ.

ಏಟು ಒಂದೇ ಮೀನಿನ ಮೇಲೆ ಬೀಳದಿರಲೆಂದು ಮೀನುಗಳನ್ನು ಕಿಕ್ಕಿರಿಸಿ ಸಾಕುವ ಪದ್ಧತಿಯೂ ಇದೆ. ಅದಕ್ಕೆ ಬರುವ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ, ಸುಮಾರು 250 ಲೀಟರಿನ ಟ್ಯಾಂಕಿನಲ್ಲಿ ಇಪ್ಪತ್ತು ಎಂಬುನಾ ಮೀನು ತುಂಬುವುದು ಹಿಂಸೆಯಲ್ಲವೇ? ಎಂಬುನಾಗಳು ಮಲಾವಿಯ ಕಲ್ಲು ದಂಡೆಗಳಲ್ಲಿ ಬಂಡೆಯ ಪಾಚಿ ಮೇಯ್ದುಕೊಂಡು ದಟ್ಟವಾಗಿಯೇ ಬದುಕುವಂಥವು ಎಂಬ ಉತ್ತರ ಅರ್ಧ ಮಾತ್ರ ನಿಜ. ಅಲ್ಲಿ ಸೋತ ಮೀನು ಈಜಿ ದೂರ ಹೋಗಬಲ್ಲದು, ಇಲ್ಲಿ ನಾಲ್ಕಡಿಗೆ ಗಾಜು. ಆದರೆ ಆರೇ ಮೀನು ಇಟ್ಟಾಗ ಆಗುವುದನ್ನೂ ನೋಡಬೇಕು. ಯಜಮಾನನ ಕಣ್ಣು ದಿನವಿಡೀ ಒಂದರ ಮೇಲೆಯೇ ಇರುತ್ತದೆ. ಅದು ಬಾಲ ಹರಿದು, ಬಣ್ಣ ಕಂದಿ, ನೀರಿನ ಮೇಲ್ಮೈಗೆ ಅಂಟಿಕೊಂಡು, ಆಹಾರಕ್ಕೂ ಇಳಿಯದೆ ಸಾಯುತ್ತದೆ. ಇಪ್ಪತ್ತಿದ್ದರೆ ಒಂದನ್ನು ಅಟ್ಟುವಷ್ಟರಲ್ಲಿ ಇನ್ನೊಂದು ಅಡ್ಡ ಬರುತ್ತದೆ; ಏಟು ಹಂಚಿಹೋಗುತ್ತದೆ. ಇದರ ಬೆಲೆಯನ್ನು ನೀರು ತೆರಬೇಕು: ಜೋರಾದ ಫಿಲ್ಟರು, ವಾರಕ್ಕೆ ಮೂರರಲ್ಲೊಂದು ಪಾಲು ನೀರು ಬದಲಾವಣೆ. ಅಷ್ಟು ಮಾಡಲಾಗದವರು ಎಂಬುನಾ ಸಾಕಬಾರದು.

ಸ್ವಭಾವಕ್ಕೆ ಲೆಕ್ಕವೇ ಇಲ್ಲವೆಂದಲ್ಲ. ಮೆಲನೊಕ್ರೊಮಿಸ್ ಆರಾಟಸ್ ಎಂಬ ಮೀನು ಮರಿಯಿದ್ದಾಗ ಹಳದಿ ಮೈಗೆ ಕಪ್ಪು ಗೆರೆಯ ಚೆಲುವು. ಗಂಡು ಬಲಿತು ಕಪ್ಪಾದ ಮೇಲೆ ಬಂಡೆ ಎಷ್ಟು ಸರಿಸಿದರೂ ಬಗ್ಗುವುದು ಅಪರೂಪ. ಗಂಡು ಬೆಟ್ಟಾ ಮೀನುಗಳಿಗಂತೂ ಕಿಕ್ಕಿರಿಸುವ ಉಪಾಯ ಹೇಳಿಮಾಡಿಸಿದ್ದೇ ಅಲ್ಲ. ಅವುಗಳಿಗೆ ಆಳಿಗೊಂದು ತೊಟ್ಟಿಯೇ ಆಗಬೇಕು. ಅಂಗಡಿಯಲ್ಲಿ ‘ಮಿಕ್ಸೆಡ್ ಆಫ್ರಿಕನ್’ ಎಂಬ ಚೀಟಿ ಅಂಟಿಸಿದ ತೊಟ್ಟಿಯಿಂದ ಕಣ್ಣಿಗೆ ಚೆಂದ ಕಂಡ ನಾಲ್ಕು ಮರಿ ಆರಿಸುವವರು ಬಲೆ ಇಳಿಸುವ ಮುಂಚೆಯೇ ಹೆಸರು ಕೇಳಿ ತಿಳಿದುಕೊಳ್ಳಲಿ.