ನಡಿಗೆಯ ಆಸರೆ: ಹಂಚಿದರೆ ಸಾಲದು, ಹೊಂದಿಸಬೇಕು

ಒಂದು ಕಾಲಿನ ಸೊಂಟದ ಕೀಲು ನೋಯುತ್ತಿದ್ದರೆ ಕೋಲನ್ನು ಯಾವ ಕೈಯಲ್ಲಿ ಹಿಡಿಯಬೇಕು? ನೋಯುವ ಕಾಲಿನ ಕಡೆಯ ಕೈಯಲ್ಲಿ ಎಂದೇ ಹಲವರು ಉತ್ತರಿಸುತ್ತಾರೆ. ಸನ್ನೆಯ ನಿಯಮ ಇದಕ್ಕೆ ವಿರುದ್ಧವಾದ ಉತ್ತರ ಕೊಡುತ್ತದೆ.

ಲೆಕ್ಕ ಹಾಕಿ ನೋಡಿ. ಒಂದೇ ಕಾಲಿನ ಮೇಲೆ ನಿಂತಾಗ ಸೊಂಟದ ಕೀಲು ಆನಿಕೆಯಾಗುತ್ತದೆ. 60 ಕಿಗ್ರಾಂ ತೂಕದವರಲ್ಲಿ ಆ ಕೀಲು ಹೊರುವ ದೇಹಭಾರ ಸುಮಾರು 50 ಕಿಗ್ರಾಂ. ಅದು ಆನಿಕೆಯಿಂದ ಸುಮಾರು 10 ಸೆಂಮೀ ಒಳಗಿದೆ. ಅದನ್ನು ಸರಿದೂಗಿಸುವ ಸ್ನಾಯು ಹೊರಬದಿಯಲ್ಲಿ ಸುಮಾರು 5 ಸೆಂಮೀ ದೂರದಲ್ಲಿದೆ. ಹಾಗಾಗಿ ಸ್ನಾಯು 100 ಕಿಗ್ರಾಂ ಭಾರಕ್ಕೆ ಸಮನಾಗಿ ಎಳೆಯಬೇಕು. ಕೀಲಿನ ಮೇಲೆ ಬೀಳುವ ಹೊರೆ 150 ಕಿಗ್ರಾಂ. ಈಗ ಎದುರು ಕೈಯ ಕೋಲನ್ನು, ಕೀಲಿನಿಂದ 50 ಸೆಂಮೀ ದೂರದಲ್ಲಿ, ಕೇವಲ 5 ಕಿಗ್ರಾಂನಷ್ಟು ಒತ್ತಿದರೆ ಸ್ನಾಯುವಿನ ಹೊರೆ 50ಕ್ಕೂ ಕೀಲಿನ ಹೊರೆ 95ಕ್ಕೂ ಇಳಿಯುತ್ತದೆ. ಅಮೆರಿಕದ ಮೂಳೆ ತಜ್ಞ ವಾಲ್ಟರ್ ಬ್ಲೌಂಟ್ 1956ರಲ್ಲೇ, ಕೋಲನ್ನು ಬಿಸಾಡಬೇಡಿ ಎಂದು ಸಹವೈದ್ಯರಿಗೆ ಲೇಖನ ಬರೆದರು.

ಇಷ್ಟು ಸರಳ ತಿಳಿವಳಿಕೆ ಕೋಲಿನ ಜೊತೆಗೆ ಬಳಕೆದಾರರ ಕೈ ಸೇರುತ್ತಿದೆಯೇ? ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಲ್ಲಿ ಆರಂಭವಾಯಿತು. ಅದರ ಪಟ್ಟಿ ಚೆನ್ನಾಗಿದೆ: ಕೈಗೋಲು, ಮೊಣಕೈ ಊರುಗೋಲು, ವಾಕರ್, ಮೂರು-ನಾಲ್ಕು ಪಾದದ ಕೋಲು, ಗಾಲಿಕುರ್ಚಿ ಎಲ್ಲವೂ ಇವೆ. ಆದರೆ ಶಿಬಿರಗಳ ವರದಿಗಳಲ್ಲಿ ಎದ್ದು ಕಾಣುವುದು ಹಂಚಿದ ಸಲಕರಣೆಗಳ ಸಂಖ್ಯೆ. ಅವು ಎಷ್ಟು ಜನರಿಗೆ ಹೊಂದಿದವು ಎಂಬುದಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2008ರ ಗಾಲಿಕುರ್ಚಿ ಮಾರ್ಗಸೂಚಿಯಲ್ಲಿ ಎಂಟು ಹಂತಗಳನ್ನು ಹೇಳಿತು. ಪರೀಕ್ಷೆ, ಹೊಂದಿಸುವಿಕೆ, ತರಬೇತಿ, ದುರಸ್ತಿ ಅವುಗಳಲ್ಲಿ ಸೇರಿವೆ. ಕೋಲಿಗೂ ಇವು ಬೇಡವೇ?

ದೇಹದಷ್ಟೇ ನೆಲವೂ ಮುಖ್ಯ. ಹೊಯ್ಸಳರ ಮಲ್ಲಿಕಾರ್ಜುನ ದೇವಾಲಯಕ್ಕೆ ಹೆಸರಾದ ಮಂಡ್ಯದ ಬಸರಾಳನ್ನೇ ತೆಗೆದುಕೊಳ್ಳಿ. ಇಂಥ ಊರಲ್ಲಿ ಎತ್ತರದ ಹೊಸ್ತಿಲು, ಮಣ್ಣಿನ ದಾರಿ, ಹೊಲದ ಬದು ದಾಟಬೇಕು. ವಾಕರ್‌ನ ನಾಲ್ಕು ಕಾಲುಗಳೂ ಒಟ್ಟಿಗೆ ನೆಲ ಮುಟ್ಟಬೇಕು; ಆಸ್ಪತ್ರೆಯ ನುಣುಪು ನೆಲದಲ್ಲಿ ಭದ್ರವಾದದ್ದು ಬದುವಿನ ಮೇಲೆ ವಾಲುತ್ತದೆ. ಮೇಲಾಗಿ ಎರಡೂ ಕೈ ಕಟ್ಟಿಹಾಕುತ್ತದೆ, ಬಿಂದಿಗೆ ಹಿಡಿಯಲಾಗದು. ನಾಲ್ಕು ಪಾದದ ಕೋಲಿಗೂ ಸಮನೆಲ ಬೇಕು. ಕಂಕುಳ ಊರುಗೋಲಿನ ತುದಿ ಕಂಕುಳಿಗಿಂತ ಎರಡು-ಮೂರು ಬೆರಳು ಕೆಳಗಿದ್ದು, ಭಾರ ಅಂಗೈ ಮೇಲೆ ಬೀಳಬೇಕು. ಕಂಕುಳಲ್ಲೇ ನೇತುಬಿದ್ದರೆ ನರ ಒತ್ತಿ ಮಣಿಕಟ್ಟು ಜೋತುಬೀಳಬಹುದು.

ಶಿಕ್ಷಕರೇ, ಸನ್ನೆಯ ಪಾಠ ಮುಗಿದ ಮೇಲೆ ಮಕ್ಕಳಿಗೆ ಈ ಕೆಲಸ ಕೊಡಿ. ಮನೆಯ ಹಿರಿಯರು ಚಪ್ಪಲಿ ಹಾಕಿಕೊಂಡು, ಕೈ ಇಳಿಬಿಟ್ಟು ನಿಲ್ಲಲಿ. ಕೋಲಿನ ಹಿಡಿ ಮಣಿಕಟ್ಟಿನ ಗೆರೆಯ ಮಟ್ಟಕ್ಕಿದೆಯೇ? ಹಿಡಿದಾಗ ಮೊಣಕೈ ತುಸು, 20-30 ಡಿಗ್ರಿಯಷ್ಟು, ಬಾಗುತ್ತದೆಯೇ? ತುದಿಯ ರಬ್ಬರ್ ಸವೆದಿದೆಯೇ? ಪಾರ್ಶ್ವವಾಯು ಆದವರು, ಪದೇ ಪದೇ ಬೀಳುವವರು ಮಾತ್ರ ಮೊದಲು ಫಿಸಿಯೋಥೆರಪಿಸ್ಟರನ್ನು ಕಾಣಬೇಕು.

ಅಳತೆಪಟ್ಟಿಯೊಂದು ಇದ್ದರೆ ಸಾಕು, ಈ ಪರಿಶೀಲನೆಗೆ ಬೇರೆ ಖರ್ಚಿಲ್ಲ. ಮುಂದಿನ ಶಿಬಿರ ನಿಮ್ಮೂರಿಗೆ ಬಂದಾಗ ಕೇಳಬೇಕಾದ ಪ್ರಶ್ನೆ: ಎಷ್ಟು ಕೋಲು ತಂದಿದ್ದೀರಿ ಎಂದಲ್ಲ, ಅಳೆದು ಕಲಿಸಿಕೊಡುವವರು ಯಾರು ಬಂದಿದ್ದಾರೆ ಎಂದು.